ಪರಿಸರ ಕೇಸುಗಳನ್ನೇ ನಂಬಿಕೊಂಡು ವಕೀಲಿಕೆ ಮಾಡಬಹುದಾ?

ಬಯಲುಸೀಮೆ_ವಕೀಲ

ಎಲ್ಲರಿಗೂ ನಮಸ್ಕಾರ. ಜಿಲ್ಲಾ ಕೋರ್ಟಿನಲ್ಲಿ ಐದಾರು ವರ್ಷದಿಂದ ಪ್ರಾಕ್ಟೀಸ್ ಮಾಡುತ್ತಿದ್ದೇನೆ. ಪಾಲಿನ ದಾವೆ, ತಡೆಯಾಜ್ಞೆ, ಚೆಕ್ ಬೌನ್ಸ್. ಮನೆ ನಡೆಯುತ್ತದೆ, ಅಷ್ಟೇ. ಈಚೆಗೆ ಒಂದು ಹಳ್ಳಿಯವರು ಕಲ್ಲಿನ ಕ್ರಷರ್ ಮೇಲೆ ದೂರು ಹಿಡಿದು ಬಂದರು. ತೊಗರಿ ಹೂವಿನ ಮೇಲೆಲ್ಲ ಧೂಳು, ಕಾಯಿ ಕಟ್ಟುತ್ತಿಲ್ಲ ಅನ್ನುತ್ತಾರೆ. ರಾತ್ರಿಯೂ ಮಷೀನು ಓಡುತ್ತದಂತೆ. ಸಿವಿಲ್ ಕೋರ್ಟಿನಲ್ಲಿ ಒಂದು ಇಂಜಂಕ್ಷನ್ ದಾವೆ ಹಾಕೋಣ ಅಂದುಕೊಂಡಿದ್ದೆ. ಬಾರ್‌ನ ಹಿರಿಯರೊಬ್ಬರು "ಅದು ಹಸಿರು ನ್ಯಾಯಮಂಡಳಿಯ ವಿಷಯ ಮಾರಾಯ" ಅಂದರು. ಓದಲು ಕೂತೆ, ಬಿಡಲು ಆಗಲಿಲ್ಲ.

ಈಗ ನನ್ನ ಪ್ರಶ್ನೆ. ಇದನ್ನೇ ಮುಖ್ಯ ಕಸುಬು ಮಾಡಿಕೊಂಡವರು ಇಲ್ಲಿ ಯಾರಾದರೂ ಇದ್ದೀರಾ? ಹೊಟ್ಟೆ ತುಂಬುತ್ತದಾ? ಬೆಂಗಳೂರಿಗೋ ದೆಹಲಿಗೋ ಹೋಗಲೇಬೇಕಾ? ವಿಜ್ಞಾನ ಓದಿಲ್ಲದವರಿಗೆ ಇದು ಆಗುತ್ತದಾ? ನನಗೆ ಗೊತ್ತಿರುವ ಪರಿಸರ ವಕೀಲರ ಹೆಸರು ಎಂ.ಸಿ. ಮೆಹ್ತಾ ಒಂದೇ.

ಜೋಳದರೊಟ್ಟಿ

ಹೊಟ್ಟೆ ತುಂಬುತ್ತದೆ ಸರ್. ಧೂಳಿನಿಂದ.

ಮೂರನೇ_ವರ್ಷ_ಎಲ್ಎಲ್‌ಬಿ

ನಮಗೂ ಪರಿಸರ ಕಾನೂನು ಕಡ್ಡಾಯ ಪೇಪರ್ ಇದೆ. ಓಲಿಯಂ ಗ್ಯಾಸ್ ಸೋರಿಕೆ, ತಾಜ್ ಮಹಲ್, ಗಂಗಾ, ಎಲ್ಲ ಬಾಯಿಪಾಠ. ಎಲ್ಲದರಲ್ಲೂ ಅರ್ಜಿದಾರರು ಮೆಹ್ತಾ ಅವರೇ. ಪರೀಕ್ಷೆಯಲ್ಲಿ ಯಾವ ಮೆಹ್ತಾ ಕೇಸು ಅಂತ ಗೊಂದಲವಾಗುತ್ತದೆ. ಆದರೆ ಅರ್ಜಿ ಹೇಗೆ ಬರೆಯಬೇಕು, ಎಲ್ಲಿ ಹಾಕಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ. ನಾನೂ ಈ ಉತ್ತರಗಳಿಗೆ ಕಾಯುತ್ತಿದ್ದೇನೆ.

ಕಪ್ಪುಕೋಟು

ನಾನು ಈ ಕೆಲಸದಲ್ಲಿ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಇದ್ದೇನೆ. ಮೊದಲು ನಿಮ್ಮ ಕ್ರಷರ್ ವಿಷಯ, ಆಮೇಲೆ ಹೊಟ್ಟೆ ವಿಷಯ.

ನಿಮ್ಮ ಹಿರಿಯರು ಹೇಳಿದ್ದು ಸರಿ. 2010ರ ಎನ್‌ಜಿಟಿ (ರಾಷ್ಟ್ರೀಯ ಹಸಿರು ನ್ಯಾಯಮಂಡಳಿ) ಕಾಯ್ದೆಯ 29ನೇ ಸೆಕ್ಷನ್ ಓದಿ. ನ್ಯಾಯಮಂಡಳಿ ತೀರ್ಮಾನಿಸಬಹುದಾದ ವಿಷಯದಲ್ಲಿ ಸಿವಿಲ್ ಕೋರ್ಟಿಗೆ ಅಧಿಕಾರವಿಲ್ಲ, ತಡೆಯಾಜ್ಞೆ ಕೊಡುವ ಹಾಗೂ ಇಲ್ಲ. ನೀವು ದಾವೆ ಹಾಕಿದರೆ ಎದುರಿನ ವಕೀಲರು ಮೊದಲ ದಿನವೇ ಇದನ್ನು ಹಿಡಿಯುತ್ತಾರೆ. ಅದನ್ನು ವಾದಿಸುತ್ತ ವರ್ಷ ಹೋಗುತ್ತದೆ. ಅಷ್ಟರಲ್ಲಿ ನಿಜವಾಗಿ ಹೋಗಬೇಕಿದ್ದ ಬಾಗಿಲು ಮುಚ್ಚಿರುತ್ತದೆ.

ಏಕೆಂದರೆ ಅಲ್ಲಿ ಗಡುವು ಬಹಳ ಬಿಗಿ. ಪರಿಸರದ ವ್ಯಾಜ್ಯ ತೀರಿಸಿ ಅಂತ ಕೇಳುವ ಸೆಕ್ಷನ್ 14ರ ಅರ್ಜಿಗೆ ಆರು ತಿಂಗಳು, ಕಾರಣ ತೋರಿಸಿದರೆ ಇನ್ನೂ 60 ದಿನ. ಅಲ್ಲಿಗೆ ಮುಗಿಯಿತು. ಸಿವಿಲ್ ಕೋರ್ಟಿನ ಹಾಗೆ ವಿಳಂಬ ಮನ್ನಾ ಅರ್ಜಿ ಹಾಕಿ ಕೈಮುಗಿದರೆ ನಡೆಯುವುದಿಲ್ಲ. ಎಣಿಕೆ ಶುರುವಾಗುವುದು ವ್ಯಾಜ್ಯದ ಕಾರಣ 'ಮೊದಲು' ಹುಟ್ಟಿದ ದಿನದಿಂದ. ಧೂಳು ದಿನವೂ ಬೀಳುತ್ತಿದೆ, ಹಾಗಾಗಿ ಕಾರಣ ದಿನವೂ ಹೊಸದು ಅಂತ ವಾದಿಸಬಹುದು. ಆದರೆ ಅದನ್ನೇ ನಂಬಿ ಕೂರಬೇಡಿ. ಪರಿಹಾರ ಕೇಳುವ ಸೆಕ್ಷನ್ 15ಕ್ಕೆ ಐದು ವರ್ಷ ಇದೆ. ಪರಿಸರ ಅನುಮತಿಯ ವಿರುದ್ಧ ಮೇಲ್ಮನವಿಗೆ 30 ದಿನ, ಮೇಲೆ 60 ದಿನ. 91ನೇ ದಿನ ಹೋದರೆ ಎಷ್ಟು ಒಳ್ಳೆಯ ಕೇಸಾದರೂ ವಾಪಸ್.

ಈಗ ಹೊಟ್ಟೆ. ಹಳ್ಳಿಯವರ ಪರ ಮಾತ್ರ ನಿಲ್ಲುತ್ತೇನೆ ಅಂದರೆ ಮೊದಲ ಕೆಲವು ವರ್ಷ ಆಫೀಸಿನ ಬಾಡಿಗೆಯೂ ಹುಟ್ಟುವುದಿಲ್ಲ. ನನ್ನ ಮನೆ ನಡೆಸಿದ್ದು ಮೋಟಾರು ಅಪಘಾತದ ಕೇಸುಗಳು ಮತ್ತು ಭೂಸ್ವಾಧೀನದ ಪರಿಹಾರದ ಕೇಸುಗಳು. ಈಗಲೂ ಭೂಸ್ವಾಧೀನ ಬಿಟ್ಟಿಲ್ಲ. ಅದನ್ನು ಕಡಿಮೆ ಅಂತ ನೋಡಬೇಡಿ. ಭೂಸ್ವಾಧೀನದ ಕಡತ ಓದಿ ಪಳಗಿದವನಿಗೆ ಇಐಎ (ಯೋಜನೆಯಿಂದ ಪರಿಸರದ ಮೇಲೆ ಆಗುವ ಪರಿಣಾಮದ) ವರದಿ ಓದುವುದು ಕಷ್ಟವಲ್ಲ. ಎರಡೂ ಕಡೆ ಸುಳ್ಳು ಇರುವುದು ಅನುಬಂಧದಲ್ಲಿ.

ಸಂಶಯ_ಸೋಮ

ಇದೆಲ್ಲ ಸರಿ. ಆದರೆ ಗೆದ್ದ ಮೇಲೆ ಏನಾಗುತ್ತದೆ ಅಂತ ಯಾಕೆ ಯಾರೂ ಹೇಳುವುದಿಲ್ಲ? ರಾಜಸ್ಥಾನದ ಬಿಛ್ರಿ ಕೇಸು ನೋಡಿ. ಉದಯಪುರದ ಹತ್ತಿರ ರಾಸಾಯನಿಕ ಕಾರ್ಖಾನೆಗಳು ಬಾವಿಗಳ ನೀರನ್ನು ಕೆಂಪು ಮಾಡಿದವು. 1996ರಲ್ಲಿ ಸುಪ್ರೀಂ ಕೋರ್ಟ್ 'ಕೆಡಿಸಿದವನೇ ಹಣ ಕಟ್ಟಬೇಕು' ಅಂತ ತೀರ್ಪು ಕೊಟ್ಟಿತು. ಸುಮಾರು 37 ಕೋಟಿ ಅಂತ ಲೆಕ್ಕವೂ ಆಯಿತು. 2011ರಲ್ಲೂ ಅದೇ ಕೋರ್ಟು ಇನ್ನೂ ಕಟ್ಟಿಲ್ಲವಲ್ಲ ಅಂತ ಬೈದು ಚಕ್ರಬಡ್ಡಿ ಹಾಕಬೇಕಾಯಿತು. ಕಾಲೇಜಿನಲ್ಲಿ 1996ರದ್ದು ಓದಿಸುತ್ತಾರೆ, 2011ರದ್ದು ಓದಿಸುವುದಿಲ್ಲ.

ಕೆರೆಏರಿ

ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದಾಗ ಎನ್‌ಜಿಟಿ ತಾನಾಗಿಯೇ ಕೇಸು ಹಿಡಿಯಿತು. 2018ರ ಡಿಸೆಂಬರ್‌ನಲ್ಲಿ ಸರ್ಕಾರ 500 ಕೋಟಿ ಪ್ರತ್ಯೇಕ ಖಾತೆಯಲ್ಲಿ ಇಡಬೇಕು ಅಂದಿತು, ದಂಡವನ್ನೂ ಹಾಕಿತು. ನೊರೆ ಇನ್ನೂ ಬರುತ್ತದೆ. ಆದರೆ ಕೇಸು ಇಲ್ಲದೇ ಹೋಗಿದ್ದರೆ ಹೂಳು ತೆಗೆಯುವ ಕೆಲಸ ಶುರುವೇ ಆಗುತ್ತಿರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಸಂಶಯ_ಸೋಮ

@ಕೆರೆಏರಿ ಕೆರೆ ಸುತ್ತ ಕಟ್ಟಡ ಕಟ್ಟಬಾರದು ಅಂತಿದ್ದ ನಿಮ್ಮ 75 ಮೀಟರ್ ಬಫರ್ ಏನಾಯಿತು?

ಕೆರೆಏರಿ

ಅದು ಹೊಟ್ಟೆ ಉರಿಸುವ ಪ್ರಶ್ನೆ. 2016ರ ಮೇನಲ್ಲಿ ಎನ್‌ಜಿಟಿ ಕೆರೆಯಿಂದ 75 ಮೀಟರ್, ರಾಜಕಾಲುವೆಗಳಿಗೆ 50, 35, 25 ಮೀಟರ್ ಅಂತ ಮಾಡಿತ್ತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಆದರೆ ಕಾರಣ ಓದಿದ್ದೀರಾ? ಕೆರೆಗೆ ಬಫರ್ ಬೇಡ ಅಂತ ಹೇಳಿಲ್ಲ. ಮಾಸ್ಟರ್ ಪ್ಲಾನ್ ಒಂದು ಶಾಸನದ ಅಡಿ ಬಂದದ್ದು, ಅದನ್ನು ಬದಲಿಸುವ ಅಧಿಕಾರ ನ್ಯಾಯಮಂಡಳಿಗೆ ಇಲ್ಲ ಅಂದಿತು.

ಕಪ್ಪುಕೋಟು

ಕೆರೆಏರಿ ಹೇಳಿದ್ದನ್ನು ಹೊಸಬರು ಗಮನಿಸಬೇಕು. ಪರಿಸರ ಕೇಸುಗಳಲ್ಲಿ ಅರ್ಧಕ್ಕರ್ಧ ಸೋಲುವುದು ಹೊಗೆ, ನೀರು, ಮರದ ವಿಷಯದಲ್ಲಿ ಅಲ್ಲ. ತಪ್ಪು ಬಾಗಿಲು ತಟ್ಟಿದ್ದಕ್ಕೆ. ಕೇಳಬಾರದ್ದನ್ನು ಕೇಳಿದ್ದಕ್ಕೆ. ಎನ್‌ಜಿಟಿ ಕಾಯ್ದೆಯ ಒಂದನೇ ಅನುಸೂಚಿಯಲ್ಲಿ ಇರುವುದು ಏಳೇ ಕಾಯ್ದೆ. ಜಲ ಕಾಯ್ದೆ, ಅದರ ಸೆಸ್ ಕಾಯ್ದೆ, ಅರಣ್ಯ ಸಂರಕ್ಷಣೆ, ವಾಯು, ಪರಿಸರ ಸಂರಕ್ಷಣೆ, ಸಾರ್ವಜನಿಕ ಹೊಣೆ ವಿಮೆ, ಜೀವವೈವಿಧ್ಯ. ವನ್ಯಜೀವಿ ಕಾಯ್ದೆ ಇಲ್ಲ. 1927ರ ಅರಣ್ಯ ಕಾಯ್ದೆ ಇಲ್ಲ. ನಮ್ಮ 1976ರ ಮರ ಸಂರಕ್ಷಣಾ ಕಾಯ್ದೆಯೂ ಇಲ್ಲ. ಹುಲಿ ಕಾರಿಡಾರ್ ಅಂತ ಹಿಡಿದುಕೊಂಡು ಎನ್‌ಜಿಟಿಯ ಚೆನ್ನೈ ಪೀಠಕ್ಕೆ ಹೋದವರನ್ನು ಹೈಕೋರ್ಟಿಗೆ ಹೋಗಿ ಅಂತ ಕಳಿಸುತ್ತಾರೆ.

ಘಟ್ಟದಮೇಲೆ

ಮತ್ತೆ ಹೈಕೋರ್ಟಿನಲ್ಲಿ ಎನ್‌ಜಿಟಿಗೆ ಹೋಗಿ ಅನ್ನುತ್ತಾರೆ. ಕಾಲು ಚೆಂಡಾಟ.

ಕಪ್ಪುಕೋಟು

ಕೆಲವೊಮ್ಮೆ ಹೌದು. ಆದರೆ 2022ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ, ಎನ್‌ಜಿಟಿ ಬಂತು ಅಂತ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗಿರುವ ರಿಟ್ ಅಧಿಕಾರ ಹೋಗುವುದಿಲ್ಲ. ಆ ತೀರ್ಪಿನ ನಕಲು ಕೈಯಲ್ಲಿ ಇರಲಿ.

ಮಾಜಿ_ಮಂಡಳಿ

ನಾನು ಮಾಲಿನ್ಯ ನಿಯಂತ್ರಣದ ಕಡೆ ಕೆಲಸ ಮಾಡಿ ನಿವೃತ್ತನಾದವನು. ವಕೀಲರಿಗೆ ಒಂದು ಕಿವಿಮಾತು. ಬಾಟಲಿಯಲ್ಲಿ ಕಪ್ಪು ನೀರು ತಂದು ಜಡ್ಜ್ ಮುಂದೆ ಇಟ್ಟರೆ ಪೇಪರಿನಲ್ಲಿ ಫೋಟೋ ಬರುತ್ತದೆ, ಸಾಕ್ಷ್ಯ ಆಗುವುದಿಲ್ಲ. ಜಲ ಕಾಯ್ದೆಯ ಸೆಕ್ಷನ್ 21ರಲ್ಲಿ ಮಾದರಿ ತೆಗೆಯುವ ಕ್ರಮ ಇದೆ. ಕಾರ್ಖಾನೆಯವರಿಗೆ ನೋಟಿಸ್ ಕೊಡಬೇಕು, ಅವರ ಎದುರೇ ಎರಡು ಭಾಗ ಮಾಡಬೇಕು, ಸೀಲ್ ಹಾಕಬೇಕು, ಸಹಿ ಬೇಕು. ವಾಯು ಕಾಯ್ದೆಗೆ ಸೆಕ್ಷನ್ 26. ಇದರಲ್ಲಿ ಒಂದು ಹೆಜ್ಜೆ ತಪ್ಪಿದರೆ ಕ್ರಿಮಿನಲ್ ಕೇಸು ಅಲ್ಲೇ ಬಿತ್ತು. ಎಷ್ಟೋ ಕಡೆ ನಮ್ಮವರೇ ಬೇಕೆಂದೇ ತಪ್ಪು ಮಾಡುತ್ತಿದ್ದರು, ಅದೂ ನಿಜ. ಎಲ್ಲಿ, ಯಾರು ಅಂತ ಕೇಳಬೇಡಿ.

ಕ್ರಷರ್ ಬಗ್ಗೆ ಹೇಳುವುದಾದರೆ, ಅದಕ್ಕೆ ಬೇರೆಯದೇ ಮಾನದಂಡ ಇದೆ. ಯಂತ್ರದಿಂದ 3ರಿಂದ 10 ಮೀಟರ್ ಒಳಗೆ ಅಳೆದಾಗ ತೇಲುವ ಧೂಳಿನ ಕಣ ಘನ ಮೀಟರಿಗೆ 600 ಮೈಕ್ರೋಗ್ರಾಂ ದಾಟಬಾರದು. ಧೂಳು ಮುಚ್ಚುವ ವ್ಯವಸ್ಥೆ, ಗಾಳಿ ತಡೆಯುವ ಗೋಡೆ, ಆವರಣದೊಳಗೆ ಪಕ್ಕಾ ರಸ್ತೆ, ಅಂಚಿನಲ್ಲಿ ಮರ, ಎಲ್ಲ ಬರೆದಿದೆ. ಅಳತೆಗೆ ಯಂತ್ರ ಬೇಕು. ಗೋಡೆ ಇಲ್ಲ ಅಂತ ತೋರಿಸಲು ಮೊಬೈಲ್ ಸಾಕು.

ಬಯಲುಸೀಮೆ_ವಕೀಲ

@ಮಾಜಿ_ಮಂಡಳಿ ಇದು ನನಗೆ ತುಂಬ ಉಪಯೋಗ ಆಯಿತು. ಅಲ್ಲಿ ಗೋಡೆ ಇಲ್ಲವೇ ಇಲ್ಲ. ರಸ್ತೆಯೂ ಮಣ್ಣಿನದು.

ಮಾಜಿ_ಮಂಡಳಿ

ಹಾಗಾದರೆ ಮೊದಲು ಅವರಿಗೆ ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ಸಮ್ಮತಿ ಪತ್ರದ ನಕಲು ತೆಗೆಸಿ. ಸ್ಥಾಪನೆಗೆ ಒಂದು, ನಡೆಸಲು ಇನ್ನೊಂದು. ಷರತ್ತುಗಳೆಲ್ಲ ಹಿಂದಿನ ಪುಟದಲ್ಲಿ ಇರುತ್ತವೆ. ಅರ್ಜಿಯಲ್ಲಿ "ತುಂಬಾ ಧೂಳು" ಅಂತ ಬರೆಯಬೇಡಿ. "ಇಂಥ ಷರತ್ತು, ಇಂಥ ದಿನ, ಹೀಗೆ ಮುರಿದಿದ್ದಾರೆ" ಅಂತ ಬರೆಯಿರಿ. ಕ್ರಷರ್‌ಗಳಿಗೆ ಅಂತಲೇ ರಾಜ್ಯದ 2011ರ ನಿಯಂತ್ರಣ ಕಾಯ್ದೆ ಇದೆ. ಸುರಕ್ಷಿತ ವಲಯದ ಒಳಗೆ ಇದೆಯಾ, ಲೈಸೆನ್ಸ್ ನಡೆಯುತ್ತಿದೆಯಾ, ಅದನ್ನೂ ನೋಡಿ.

ಕಂಪ್ಲಯನ್ಸ್_ಕನ್ನಡಿಗ

ಎಲ್ಲರೂ ಹೋರಾಟದ ಕಡೆಯಿಂದಲೇ ಮಾತಾಡುತ್ತಿದ್ದೀರಿ. ನಾನು ಇನ್ನೊಂದು ಕಡೆಯವನು. ಕಂಪನಿಗಳಿಗೆ ಪರಿಸರ ಕಾನೂನಿನ ಸಲಹೆ ಕೊಡುವುದು ನನ್ನ ಕೆಲಸ. ಜಾಗ ಖರೀದಿಗೆ ಮುಂಚೆ ಅದು ಅರಣ್ಯವಾ, ಕೆರೆ ಅಂಗಳವಾ ಅಂತ ನೋಡುವುದು. ಸಮ್ಮತಿ ನವೀಕರಣ. ಆರು ತಿಂಗಳಿಗೊಮ್ಮೆ ಕೊಡಬೇಕಾದ ಪಾಲನಾ ವರದಿ. ಪ್ಲಾಸ್ಟಿಕ್ ಮತ್ತು ಇ-ತ್ಯಾಜ್ಯದಲ್ಲಿ ಉತ್ಪಾದಕರ ಹೊಣೆ. ಷೇರುಪೇಟೆಯ ದೊಡ್ಡ ಒಂದು ಸಾವಿರ ಕಂಪನಿಗಳು ಸೆಬಿಗೆ ಸುಸ್ಥಿರತೆಯ ವರದಿ ಕೊಡಬೇಕು, ಅದರಲ್ಲಿ ವಕೀಲರಿಗೆ ಕೆಲಸ ಇದೆ. ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತದೆ. ಒಂದು ಕಂಪನಿಗೆ ಸರಿಯಾದ ಶುದ್ಧೀಕರಣ ಘಟಕ ಹಾಕಿಸಿದರೆ ಹತ್ತು ಪಿಐಎಲ್‌ಗಿಂತ ಜಾಸ್ತಿ ನೀರು ಉಳಿಯುತ್ತದೆ. ಇದನ್ನು ಹೇಳಿದರೆ ಕೆಲವರಿಗೆ ಕೋಪ ಬರುತ್ತದೆ.

ಘಟ್ಟದಮೇಲೆ

ಕೋಪ ಬರುವುದು ನೀವು ಘಟಕ ಹಾಕಿಸಿದ್ದಕ್ಕಲ್ಲ. ಘಟಕ ಓಡಿಸದೆ ಕರೆಂಟ್ ಬಿಲ್ ಉಳಿಸುವವರ ಪರ ಬಂದು ವಾದಿಸುವುದಕ್ಕೆ.

ಕಂಪ್ಲಯನ್ಸ್_ಕನ್ನಡಿಗ

ಕೊಲೆ ಆರೋಪಿಗೂ ವಕೀಲರು ಇರುತ್ತಾರೆ. ಕಾರ್ಖಾನೆಗೆ ಇರಬಾರದಾ?

ತುಂಗೆಯ_ದಂಡೆ

ಇರಲಿ. ಆದರೆ ನಮ್ಮೂರಿನ ಅನುಭವ ಕೇಳಿ. ನಮ್ಮ ಕಡೆ ಒಂದು ಫ್ಯಾಕ್ಟರಿ ನೀರು ಹಳ್ಳಕ್ಕೆ ಬಿಡುತ್ತಿತ್ತು, ಮೀನು ಸಾಯುತ್ತಿದ್ದವು. ಮೊದಲು ಹಿಡಿದ ವಕೀಲರು ನಮ್ಮ ಕಾಗದ ಎಲ್ಲ ಓದಿದರು, ದಾಖಲೆ ಇಟ್ಟುಕೊಂಡರು. ಮುಂದಿನ ಮಳೆಗಾಲಕ್ಕೆ ಅವರೇ ಫ್ಯಾಕ್ಟರಿ ಕಡೆ ಕೂತಿದ್ದರು. ಎರಡನೇ ವಕೀಲರು ಸಿಗುವವರೆಗೆ ಊರಿನವರು ಯಾರನ್ನೂ ನಂಬಲಿಲ್ಲ. ಆಕೆ ಬಂದವರು ಮೊದಲ ಸಲ ಕೇಸಿನ ಮಾತೇ ಆಡಲಿಲ್ಲ. ಹಳ್ಳದ ಉದ್ದಕ್ಕೂ ನಡೆದರು. ಎಲ್ಲೆಲ್ಲಿ ಪೈಪು ಸೇರುತ್ತದೆ ಅಂತ ದನ ಕಾಯುವ ಹುಡುಗರನ್ನು ಕೇಳಿ ಬರೆದುಕೊಂಡರು. ಪಂಚಾಯಿತಿಗೆ ನಾವು ಕೊಟ್ಟ ಹಳೆ ಮನವಿಗಳ ಸ್ವೀಕೃತಿ ಮುದ್ರೆ ಇದೆಯಾ ಅಂತ ಕೇಳಿದರು. ಒಬ್ಬ ಅಜ್ಜಿಯ ಟ್ರಂಕಿನಲ್ಲಿ ಎರಡು ಸಿಕ್ಕವು. ಕೊನೆಗೆ ಕೇಸು ನಿಂತದ್ದು ಅದರ ಮೇಲೆ.

ಕಪ್ಪುಕೋಟು

@ತುಂಗೆಯ_ದಂಡೆ ಆ ಮೊದಲನೆಯವರು ಮಾಡಿದ್ದು ಬರೀ ನಂಬಿಕೆ ದ್ರೋಹ ಅಲ್ಲ, ನಿಯಮ ಉಲ್ಲಂಘನೆ. ಒಂದು ಪಕ್ಷಕ್ಕೆ ಸಲಹೆ ಕೊಟ್ಟ ಅಥವಾ ಅರ್ಜಿ ಬರೆದುಕೊಟ್ಟ ವಕೀಲ ಅದೇ ವಿಷಯದಲ್ಲಿ ಎದುರು ಪಕ್ಷದ ಪರ ನಿಲ್ಲುವ ಹಾಗಿಲ್ಲ. ಬಾರ್ ಕೌನ್ಸಿಲ್‌ನ 33ನೇ ನಿಯಮ. ನೀವು ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದಿತ್ತು.

ಕಂಪ್ಲಯನ್ಸ್ ಅವರ ಕೆಲಸವನ್ನು ನಾನು ಹೀಗಳೆಯುವುದಿಲ್ಲ. ಕಂಪನಿಗೆ "ಇದು ಮಾಡಬೇಡಿ" ಅನ್ನುವ ವಕೀಲ ಬೇಕು. ಆದರೆ ಚಿಕ್ಕ ಊರಿನಲ್ಲಿ ಎರಡೂ ಕಡೆ ಕಾಲಿಡುವುದು ಆಗುವುದಿಲ್ಲ. ಕಾನೂನು ಒಪ್ಪಿದರೂ ಜನ ಒಪ್ಪುವುದಿಲ್ಲ. ಬೇಗ ನಿರ್ಧಾರ ಮಾಡಿ, ಒಂದು ಕಡೆ ನಿಲ್ಲಿ.

ಜೋಳದರೊಟ್ಟಿ

ಪರಿಹಾರದಲ್ಲಿ ಇಂತಿಷ್ಟು ಪರ್ಸೆಂಟ್ ಅಂತ ಮಾತಾಡಿಕೊಂಡರೆ ಮುಗಿಯಿತಲ್ಲ? ಊರಿನವರ ಕೈಯಿಂದ ಹಣ ಬೇಡ, ಗೆದ್ದರೆ ವಕೀಲರಿಗೂ ಪಾಲು. ಸುಮ್ನೆ ಕೇಳುತ್ತಿದ್ದೇನೆ.

ಕಪ್ಪುಕೋಟು

ಸುಮ್ನೆಯೂ ಕೇಳಬೇಡಿ. ಫಲಿತಾಂಶದ ಮೇಲೆ ಫೀಸು ನಿಲ್ಲಿಸುವುದು, ಬಂದ ಹಣದಲ್ಲಿ ಪಾಲು ಕೇಳುವುದು ಎರಡೂ ನಿಷಿದ್ಧ. 20ನೇ ನಿಯಮ. ಸನ್ನದಿಗೇ ಕುತ್ತು.

ಮೂರನೇ_ವರ್ಷ_ಎಲ್ಎಲ್‌ಬಿ

ಸರ್, ಎನ್‌ಜಿಟಿಯಲ್ಲಿ ಕೋರ್ಟ್ ಫೀ ಎಷ್ಟು? ಚೆನ್ನೈಗೆ ಪ್ರತಿ ಸಲ ಹೋಗಬೇಕಾ?

ಕಪ್ಪುಕೋಟು

ಪರಿಹಾರ ಕೇಳದ ಅರ್ಜಿಗೆ 1000 ರೂಪಾಯಿ. ಪರಿಹಾರ ಕೇಳಿದರೆ ಮೊತ್ತದ ಶೇ. 1, ಕನಿಷ್ಠ 1000. ಬಡತನ ರೇಖೆ ಕೆಳಗಿನವರಿಗೆ ಪರಿಹಾರದ ಅರ್ಜಿಗೆ ಶುಲ್ಕ ಇಲ್ಲ. ನಮಗೆ ಚೆನ್ನೈನ ದಕ್ಷಿಣ ಪೀಠ. ಕೊರೊನಾ ನಂತರ ವಿಡಿಯೋ ಮೂಲಕ ಹಾಜರಾಗುವುದು ಸಲೀಸಾಗಿದೆ. ನನ್ನ ಕಿರಿಯರೊಬ್ಬರು ತಾಲ್ಲೂಕು ಕೇಂದ್ರದಿಂದಲೇ ವಾದಿಸುತ್ತಾರೆ. ಬೆಂಗಳೂರು ಬೇಕಾ ಅನ್ನುವ ಪ್ರಶ್ನೆಗೆ ಅದೇ ಉತ್ತರ.

ಖರ್ಚು ಬೇರೆ ಕಡೆ ಇದೆ. ಕಡತ ಇಂಗ್ಲಿಷಿನಲ್ಲಿ ಹೋಗಬೇಕು. ಪಹಣಿ, ಪಂಚಾಯಿತಿ ಠರಾವು, ಮಹಜರು ಎಲ್ಲ ಕನ್ನಡದಲ್ಲಿ ಇರುತ್ತದೆ. ಅನುವಾದ, ಟೈಪಿಂಗ್, ಜೆರಾಕ್ಸ್, ಪ್ರಯೋಗಾಲಯದ ಶುಲ್ಕ. ಇದನ್ನು ಮೊದಲ ದಿನವೇ ಊರಿನವರಿಗೆ ಲೆಕ್ಕ ಹಾಕಿ ಹೇಳಿ. ವಕೀಲರ ಫೀಸು ಬಿಟ್ಟರೂ ಈ ಖರ್ಚು ಬಿಡುವುದಿಲ್ಲ.

ಘಟ್ಟದಮೇಲೆ

ಜೂನಿಯರ್‌ಗಳಿಗೆ ಏನು ಕೊಡುತ್ತೀರಿ ಅಂತಲೂ ಹೇಳಿ ಸರ್. ಬಾರ್ ಕೌನ್ಸಿಲ್ 2024ರಲ್ಲಿ ನಗರದಲ್ಲಿ 20,000, ಗ್ರಾಮೀಣ ಕಡೆ 15,000 ಕೊಡಿ ಅಂತ ಸುತ್ತೋಲೆ ಹೊರಡಿಸಿತ್ತಲ್ಲ.

ಜೋಳದರೊಟ್ಟಿ

ಸುತ್ತೋಲೆ ಸುತ್ತುತ್ತಿದೆ.

ಕಪ್ಪುಕೋಟು

ಕೊಡುತ್ತೇನೆ. ಎಲ್ಲರೂ ಕೊಡುವುದಿಲ್ಲ. ಅದು ಶಿಫಾರಸು, ಕಡ್ಡಾಯ ಅಲ್ಲ. ಪರಿಸರ ಕೇಸು ನಡೆಸುವ ಆಫೀಸುಗಳು ಧ್ಯೇಯದ ಹೆಸರಿನಲ್ಲಿ ಪುಕ್ಕಟೆ ದುಡಿಸುವುದನ್ನು ನಾನೂ ನೋಡಿದ್ದೇನೆ. ಅಂಥ ಕಡೆ ಇರಬೇಡಿ.

ಕೆರೆಏರಿ

ಸೋಮಣ್ಣನ ಪ್ರಶ್ನೆಗೆ ವಾಪಸ್. ಗೆದ್ದು ಜಾರಿಯಾದದ್ದು ಇಲ್ಲವೇ ಇಲ್ಲವಾ? ಬೆಂಗಳೂರಿನ ಸ್ಟೀಲ್ ಫ್ಲೈಓವರ್. 2016ರ ಅಕ್ಟೋಬರ್‌ನಲ್ಲಿ ಎನ್‌ಜಿಟಿ ತಡೆ, 2017ರ ಮಾರ್ಚ್‌ನಲ್ಲಿ ಯೋಜನೆಯೇ ರದ್ದು.

ಸಂಶಯ_ಸೋಮ

ಅದು ನಿಂತದ್ದು ರಸ್ತೆಯಲ್ಲಿ ಜನ ಕೈ ಕೈ ಹಿಡಿದು ನಿಂತದ್ದಕ್ಕೆ. ತಡೆ ನಾಲ್ಕು ವಾರದ್ದು ಮಾತ್ರ ಆಗಿತ್ತು.

ಕೆರೆಏರಿ

ಆ ನಾಲ್ಕು ವಾರ ಸಿಗದೇ ಇದ್ದಿದ್ದರೆ ಮರಗಳು ಉರುಳುತ್ತಿದ್ದವು. ಆಮೇಲೆ ಯಾವುದಕ್ಕೆ ಕೈ ಹಿಡಿಯುತ್ತಿದ್ದಿರಿ? ಕೋರ್ಟು ಸಮಯ ಕೊಟ್ಟಿತು, ಜನ ಅದನ್ನು ಬಳಸಿಕೊಂಡರು.

ಘಟ್ಟದಮೇಲೆ

ಕುದುರೆಮುಖ ಮರೆತಿರಾ? ರಾಷ್ಟ್ರೀಯ ಉದ್ಯಾನದ ನಡುವೆ ಕಬ್ಬಿಣದ ಅದಿರು ಗಣಿ, ಭದ್ರಾ ನದಿಗೆ ಹೂಳು. 2002ರಲ್ಲಿ ಸುಪ್ರೀಂ ಕೋರ್ಟ್ ಆದೇಶ. 2005ರ ಡಿಸೆಂಬರ್ 31ಕ್ಕೆ ಗಣಿ ಬಂದ್. ಬಂದ್ ಅಂದರೆ ಬಂದ್. ನಾನು ಆಗ ಹುಡುಗ, ಊರಿನಲ್ಲಿ ಎರಡು ಪಂಗಡ ಆಗಿತ್ತು. ಕೆಲಸ ಹೋದವರು ಬೈದರು, ಕೆಳಗಿನ ತೋಟದವರು ಸಿಹಿ ಹಂಚಿದರು. ಕೇಸು ಹಾಕಿದ ಕೆ.ಎಂ. ಚಿಣ್ಣಪ್ಪ ವಕೀಲರಲ್ಲ, ಅರಣ್ಯ ಇಲಾಖೆಯಲ್ಲಿ ನಾಗರಹೊಳೆ ಕಾದವರು.

ಕಪ್ಪುಕೋಟು

ಕುದುರೆಮುಖದ ಇನ್ನೊಂದು ಪಾಠ ವಕೀಲರಿಗೆ ಮಾತ್ರ ಗೊತ್ತಾಗುವಂಥದ್ದು. ಅದು ಹೊಸ ಕೇಸಾಗಿ ಬರಲಿಲ್ಲ. ಗೋದಾವರ್ಮನ್ ಕೇಸಿನ ಒಳಗೆ ಹಾಕಿದ ಮಧ್ಯಂತರ ಅರ್ಜಿ ಅದು. ಗೋದಾವರ್ಮನ್ 1995ರ ಅರ್ಜಿ. ನೀಲಗಿರಿಯ ಗೂಡಲೂರು ಕಡೆಯ ಕಾಡಿನ ವಿಷಯವಾಗಿ ಶುರುವಾದದ್ದು. 1996ರ ಡಿಸೆಂಬರ್ 12ರ ಆದೇಶದಲ್ಲಿ, ದಾಖಲೆಯಲ್ಲಿ ಹೆಸರು ಏನೇ ಇರಲಿ, ನಿಘಂಟಿನ ಅರ್ಥದಲ್ಲಿ ಕಾಡಾಗಿರುವುದೆಲ್ಲ ಕಾಡೇ ಅಂದರು. ಅರ್ಜಿದಾರರು 2016ರಲ್ಲಿ ತೀರಿಕೊಂಡರು, ಕೇಸು ಇನ್ನೂ ನಡೆಯುತ್ತಿದೆ. ಕೋರ್ಟು ಕೇಸನ್ನು ಮುಗಿಸದೆ ತೆರೆದಿಟ್ಟು ಆದೇಶದ ಮೇಲೆ ಆದೇಶ ಕೊಡುತ್ತಾ ಹೋದದ್ದರಿಂದಲೇ ಜಾರಿ ಆಯಿತು.

ಬಳ್ಳಾರಿಯೂ ಹಾಗೆಯೇ. ಸಮಾಜ ಪರಿವರ್ತನ ಸಮುದಾಯದ ಅರ್ಜಿ. 2011ರ ಜುಲೈನಲ್ಲಿ ಗಣಿಗಾರಿಕೆಗೆ ತಡೆ. ಜಂಟಿ ತಂಡ ಗಡಿ ಸರ್ವೆ ಮಾಡಿತು. ಅಕ್ರಮ ಎಷ್ಟು ಅಂತ ನೋಡಿ ಗಣಿಗಳನ್ನು ಎ, ಬಿ, ಸಿ ಅಂತ ವಿಂಗಡಿಸಿದರು, ಸಿ ಅಂದರೆ ಅತಿ ಹೆಚ್ಚು. 2013ರ ಏಪ್ರಿಲ್ ತೀರ್ಪಿನಲ್ಲಿ ಸಿ ವರ್ಗದ ಗುತ್ತಿಗೆಗಳು ರದ್ದು, ಉಳಿದವರಿಗೆ ವರ್ಷಕ್ಕೆ ಇಷ್ಟೇ ಟನ್ ಅಂತ ಮಿತಿ. ಇದರಲ್ಲಿ ವಕೀಲರ ಭಾಷಣಕ್ಕಿಂತ ಸರ್ವೆ ನಕ್ಷೆ ಜಾಸ್ತಿ ಕೆಲಸ ಮಾಡಿತು.

ಸೋಮ ಅವರೇ, ಬಿಛ್ರಿ ಬಗ್ಗೆ ನೀವು ಹೇಳಿದ್ದು ಪೂರ್ತಿ ನಿಜ. ಅದಕ್ಕೇ ನಾನು ಆದೇಶ ಬಂದ ದಿನ ಊರಿನವರಿಗೆ ಪಟಾಕಿ ಹೊಡೆಯಬೇಡಿ ಅನ್ನುತ್ತೇನೆ. ಎನ್‌ಜಿಟಿ ಆದೇಶವನ್ನು ಸಿವಿಲ್ ಡಿಕ್ರಿಯ ಹಾಗೆ ಜಾರಿಗೆ ಹಾಕಬಹುದು. ಪಾಲಿಸದಿದ್ದರೆ ಮೂರು ವರ್ಷದವರೆಗೆ ಜೈಲು, ಹತ್ತು ಕೋಟಿವರೆಗೆ ದಂಡ, ಕಂಪನಿಯಾದರೆ 25 ಕೋಟಿವರೆಗೆ. ಕಾಗದದ ಮೇಲೆ ಹಲ್ಲು ಇದೆ. ಆದರೆ ಕಚ್ಚಿಸಲು ಮತ್ತೆ ಅರ್ಜಿ ಹಾಕಬೇಕು, ಅದನ್ನು ಹಾಕುವ ಹೊತ್ತಿಗೆ ಊರಿನ ಉತ್ಸಾಹ ಮುಗಿದಿರುತ್ತದೆ. ಅರ್ಜಿ ಬರೆಯುವಾಗಲೇ ನಾನು ಈಗ ಗಡುವು, ಜವಾಬ್ದಾರ ಅಧಿಕಾರಿಯ ಹುದ್ದೆ, ಎಷ್ಟು ತಿಂಗಳಿಗೊಮ್ಮೆ ವರದಿ ಅನ್ನುವುದನ್ನೂ ಕೇಳಿಕೆಯಲ್ಲಿ ಸೇರಿಸುತ್ತೇನೆ. "ಸೂಕ್ತ ಕ್ರಮ ಕೈಗೊಳ್ಳಿ" ಅನ್ನುವ ಆದೇಶದಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಅದನ್ನು ಗೆಲುವು ಅಂತ ಯಾಕೆ ಕರೆಯುತ್ತಾರೋ.

ಸಂಶಯ_ಸೋಮ

ಇದು ಒಪ್ಪುವ ಮಾತು. ಆದರೂ ಕಾಯ್ದೆಗಳೇ ಸಡಿಲ ಆಗುತ್ತಿವೆಯಲ್ಲ. 2023ರ ಜನ ವಿಶ್ವಾಸ ಕಾಯ್ದೆಯಲ್ಲಿ ಪರಿಸರ ಸಂರಕ್ಷಣಾ ಕಾಯ್ದೆಯ ಜೈಲು ಶಿಕ್ಷೆ ತೆಗೆದು 10,000ದಿಂದ 15 ಲಕ್ಷದವರೆಗಿನ ದಂಡ ಮಾಡಿದರು. ದೊಡ್ಡ ಕಂಪನಿಗೆ 15 ಲಕ್ಷ ಯಾವ ಲೆಕ್ಕ?

ಕಂಪ್ಲಯನ್ಸ್_ಕನ್ನಡಿಗ

ಮೊದಲು ಜೈಲಿಗೆ ಎಷ್ಟು ಜನ ಹೋಗಿದ್ದರು ಹೇಳಿ? ಈಗ ದಂಡ ಹಾಕುವ ಅಧಿಕಾರಿಯೇ ನಿರ್ಣಯ ಕೊಡುತ್ತಾನೆ, ಬೇಗ ಆಗುತ್ತದೆ. ನನ್ನ ಕಕ್ಷಿದಾರರು ಜೈಲಿಗಿಂತ ಹಸಿರು ನ್ಯಾಯಮಂಡಳಿಯ ಪರಿಸರ ಪರಿಹಾರಕ್ಕೆ ಹೆಚ್ಚು ಹೆದರುತ್ತಾರೆ.

ಮಾಜಿ_ಮಂಡಳಿ

ಜೈಲಿಗೆ ಹೋಗಲಿಲ್ಲ ಅನ್ನುವುದು ಸರಿ. ಆದರೆ ನಿರ್ದೇಶಕರ ಹೆಸರಿಗೆ ಸಮನ್ಸ್ ಹೋದಾಗ ಘಟಕ ಒಂದೇ ರಾತ್ರಿಯಲ್ಲಿ ಓಡಲು ಶುರುವಾದದ್ದನ್ನು ಕಣ್ಣಾರೆ ನೋಡಿದ್ದೇನೆ. ಆ ಹೆದರಿಕೆ ಈಗ ಇಲ್ಲ.

ಮೂರನೇ_ವರ್ಷ_ಎಲ್ಎಲ್‌ಬಿ

ವನಶಕ್ತಿ ತೀರ್ಪು ಈಗ ಇದೆಯಾ ಇಲ್ಲವಾ? ನಮ್ಮ ನೋಟ್ಸ್‌ನಲ್ಲಿ ಒಂದು, ಪೇಪರಿನಲ್ಲಿ ಇನ್ನೊಂದು.

ಕಪ್ಪುಕೋಟು

2025ರ ಮೇನಲ್ಲಿ, ಕೆಲಸ ಶುರು ಮಾಡಿದ ಮೇಲೆ ಪರಿಸರ ಅನುಮತಿ ಪಡೆಯುವ ಪದ್ಧತಿಯನ್ನು ಇಬ್ಬರು ನ್ಯಾಯಮೂರ್ತಿಗಳ ಪೀಠ ರದ್ದು ಮಾಡಿತು. ಅದೇ ವರ್ಷ ನವೆಂಬರ್‌ನಲ್ಲಿ ಮೂವರ ಪೀಠ 2:1 ಬಹುಮತದಿಂದ ಆ ತೀರ್ಪನ್ನು ಹಿಂಪಡೆಯಿತು. ಭಿನ್ನ ತೀರ್ಪು ನ್ಯಾಯಮೂರ್ತಿ ಉಜ್ಜಲ್ ಭುಯಾನ್ ಅವರದು, ಅದನ್ನು ಓದಿ. ಈ ಕ್ಷೇತ್ರದಲ್ಲಿ ಇರಬೇಕು ಅಂದರೆ ಇದಕ್ಕೆ ತಯಾರಿರಬೇಕು. ಮಳೆಗಾಲಕ್ಕೆ ಮುಂಚೆ ಹೇಳಿದ ಸಲಹೆ ದೀಪಾವಳಿ ಹೊತ್ತಿಗೆ ಹಳತಾಗಿರುತ್ತದೆ.

ಬಯಲುಸೀಮೆ_ವಕೀಲ

ಎಲ್ಲರಿಗೂ ಥ್ಯಾಂಕ್ಸ್. ವಿಜ್ಞಾನದ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಬಿಓಡಿ, ಸಿಓಡಿ ಅಂದರೆ ನನಗೆ ತಲೆ ತಿರುಗುತ್ತದೆ.

ಮಾಜಿ_ಮಂಡಳಿ

ಪ್ರಯೋಗಾಲಯದ ವರದಿಯಲ್ಲಿ ಮೂರು ಕಾಲಂ ನೋಡಿ. ಏನು ಅಳೆದರು, ಎಷ್ಟು ಬಂತು, ಮಿತಿ ಎಷ್ಟು. ಬಿಓಡಿ ಅಂದರೆ ನೀರಿನ ಕೊಳೆಯನ್ನು ಸೂಕ್ಷ್ಮಜೀವಿಗಳು ಕರಗಿಸಲು ಬೇಕಾಗುವ ಆಮ್ಲಜನಕ, ಸಿಓಡಿ ಅಂದರೆ ಅದನ್ನೇ ರಾಸಾಯನಿಕದಿಂದ ಅಳೆಯುವುದು. ನದಿಗೆ ಬಿಡುವ ತ್ಯಾಜ್ಯ ನೀರಿಗೆ ಸಾಮಾನ್ಯ ಮಿತಿ ಬಿಓಡಿ ಲೀಟರಿಗೆ 30 ಮಿಲಿಗ್ರಾಂ. ಕಲಿಯಲು ಒಂದು ವಾರ ಸಾಕು.

ಕಪ್ಪುಕೋಟು

ಎನ್‌ಜಿಟಿಯಲ್ಲಿ ನ್ಯಾಯಾಂಗ ಸದಸ್ಯರ ಜೊತೆ ತಜ್ಞ ಸದಸ್ಯರೂ ಕೂರುತ್ತಾರೆ. ಅವರ ಮುಂದೆ ವಿಜ್ಞಾನದ ಪಾಂಡಿತ್ಯ ತೋರಿಸಲು ಹೋಗಬೇಡಿ, ಸಿಕ್ಕಿಬೀಳುತ್ತೀರಿ. ಪ್ರಶ್ನೆ ಸರಿಯಾಗಿ ಕೇಳಲು ಕಲಿಯಿರಿ. ಹತ್ತಿರದ ಕೃಷಿ ವಿಶ್ವವಿದ್ಯಾಲಯದಲ್ಲಿ ಒಬ್ಬ ಮೇಷ್ಟ್ರ ಸ್ನೇಹ ಮಾಡಿಕೊಳ್ಳಿ. ಇಐಎ ವರದಿ ಬಂದರೆ ಮೊದಲು ಪ್ರಾಣಿ-ಸಸ್ಯಗಳ ಪಟ್ಟಿ ನೋಡಿ. ರತ್ನಗಿರಿಯ ಒಂದು ಬಾಕ್ಸೈಟ್ ಗಣಿಯ ವರದಿಯಲ್ಲಿ ರಷ್ಯಾದ ಗಣಿಯ ವರದಿಯಿಂದ ನಕಲು ಮಾಡಿದ ಭಾಗಗಳು ಸಿಕ್ಕಿದ್ದವು. ಅದನ್ನು ಹಿಡಿಯಲು ಪಿಎಚ್‌ಡಿ ಬೇಕಾಗಿರಲಿಲ್ಲ, ಪೂರ್ತಿ ಓದುವ ತಾಳ್ಮೆ ಬೇಕಿತ್ತು.

ತುಂಗೆಯ_ದಂಡೆ

ಒಂದು ಮಾತು ಬಯಲುಸೀಮೆಯವರಿಗೆ. ಊರಿನವರಲ್ಲಿ ಒಬ್ಬನನ್ನೇ ಅರ್ಜಿದಾರ ಮಾಡಬೇಡಿ. ನಮ್ಮಲ್ಲಿ ಹಾಗೆ ಮಾಡಿದಾಗ ಅವನ ಮನೆಗೆ ರಾತ್ರಿ ಜನ ಬಂದರು, ಮರುವಾರ ವಾಪಸ್ ತೆಗೆದುಕೊಂಡ. ಎರಡನೇ ಸಲ ಹದಿನೈದು ಮನೆಯವರ ಸಹಿ, ಅದರಲ್ಲಿ ಹೆಂಗಸರೇ ಜಾಸ್ತಿ. ಆಗ ಯಾರೂ ಬರಲಿಲ್ಲ.

ಕಪ್ಪುಕೋಟು

ಬಹಳ ಸರಿ. ಜೊತೆಗೆ ಹೆಣ್ಣುಮಕ್ಕಳು, ಪರಿಶಿಷ್ಟರು ಅರ್ಜಿದಾರರಾದರೆ 1987ರ ಕಾನೂನು ಸೇವೆಗಳ ಕಾಯ್ದೆಯಡಿ ಉಚಿತ ನೆರವಿಗೂ ಅರ್ಹರು. ಬಯಲುಸೀಮೆಯವರೇ, ಹಳ್ಳಿಯವರು ಮೊದಲ ದೂರು ಯಾವಾಗ ಕೊಟ್ಟಿದ್ದು? ಸ್ವೀಕೃತಿ ಇದೆಯಾ?

ಬಯಲುಸೀಮೆ_ವಕೀಲ

ತಹಶೀಲ್ದಾರರಿಗೆ ಕೊಟ್ಟದ್ದಕ್ಕೆ ಮುದ್ರೆ ಇದೆ. ನಾಲ್ಕು ತಿಂಗಳು ಆಗಿದೆ. ಸಮ್ಮತಿ ಪತ್ರಕ್ಕೆ ಆರ್‌ಟಿಐ ಹಾಕಿ, ಅದು ಬಂದ ಮೇಲೆ ಅರ್ಜಿ ಬರೆಯೋಣ ಅಂತಿದ್ದೇನೆ.

ಕಪ್ಪುಕೋಟು

ಆರ್‌ಟಿಐಗೆ 30 ದಿನ, ಕೊಡದಿದ್ದರೆ ಮೇಲ್ಮನವಿ, ಅಲ್ಲಿಗೆ ನಿಮ್ಮ ಆರು ತಿಂಗಳು ಮುಗಿಯಿತು. ಆರ್‌ಟಿಐ ಹಾಕಿ, ಅರ್ಜಿಯನ್ನೂ ಈ ವಾರವೇ ಬರೆಯಲು ಶುರು ಮಾಡಿ. ಸಮ್ಮತಿ ಪತ್ರ ಹಾಜರುಪಡಿಸಲು ಮಂಡಳಿಗೇ ನಿರ್ದೇಶನ ಕೊಡಿ ಅಂತ ಕೇಳಬಹುದು. ಮಂಡಳಿ, ಜಿಲ್ಲಾಧಿಕಾರಿ, ಗಣಿ ಇಲಾಖೆ, ಕ್ರಷರ್ ಮಾಲೀಕ, ಎಲ್ಲರನ್ನೂ ಪ್ರತಿವಾದಿ ಮಾಡಿ. ಕರಡು ಆದ ಮೇಲೆ ನನಗೆ ಸಂದೇಶ ಹಾಕಿ, ನೋಡಿ ಕೊಡುತ್ತೇನೆ.

ಜೋಳದರೊಟ್ಟಿ

ಫೀಸು?

ಕಪ್ಪುಕೋಟು

ಹೆಸರು ನೋಡಿದರೆ ನೀವೇ ಕಳಿಸಬೇಕು. ಶೇಂಗಾ ಚಟ್ನಿ ಜೊತೆಗೆ.

ಘಟ್ಟದಮೇಲೆ

ಇದೇ ನೆಪದಲ್ಲಿ ನನ್ನದೊಂದು. ನಮ್ಮ ರಸ್ತೆ ಅಗಲೀಕರಣಕ್ಕೆ ಇನ್ನೂರಕ್ಕೂ ಹೆಚ್ಚು ಮರಕ್ಕೆ ನಂಬರ್ ಹಾಕಿದ್ದಾರೆ. ಸಾರ್ವಜನಿಕ ಪ್ರಕಟಣೆ ಯಾರೂ ನೋಡಿಲ್ಲ. ಯಾರ ಹತ್ತಿರ ಹೋಗಬೇಕು?

ಕೆರೆಏರಿ

50ಕ್ಕಿಂತ ಜಾಸ್ತಿ ಮರ ಆದರೆ ಮರ ಅಧಿಕಾರಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯಲೇಬೇಕು. ನಾಳೆಯೇ ಲಿಖಿತ ಆಕ್ಷೇಪಣೆ ಕೊಟ್ಟು ಮುದ್ರೆ ಹಾಕಿಸಿಕೊಳ್ಳಿ. ಇದಕ್ಕೆ ಬೇರೆ ಚರ್ಚೆ ಶುರು ಮಾಡಿ, ಅಲ್ಲಿಗೆ ಬರುತ್ತೇನೆ.